ರೇವಣನ ಮಣ್ಣು

ನಾರಾಯಣಗೂಡ, ಹೈದರಾಬಾದು
೯ ಫೆಬ್ರುವರಿ ೧೯೭೨

ಬ್ರಿಗೇಡಿಯರ್ ಕಲ್ಯಾಣಪ್ಪ ಸಾಹೇಬರಿಗೆ,

ನಿನ್ನೆ ಸಿಕಂದರಾಬಾದಿನ ನಿಮ್ಮ ಮಿಲಿಟರಿ ಆಫೀಸಿನಿಂದ ಒಬ್ಬ ಹವಾಲ್ದಾರ ಬಂದಿದ್ದ. ಮಲಯಾಳದ ಕಡೆಯ ಹುಡುಗ, ಒಳ್ಳೆಯವನು. ಕೆಂಪು ಬಟ್ಟೆ ಕಟ್ಟಿದ ಒಂದು ತಾಮ್ರದ ತಂಬಿಗೆಯನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತು, "ಮಾತಾಜೀ, ಲೆಫ್ಟಿನೆಂಟ್ ಸಾಬ್ ಕೀ ಅಸ್ಥಿ" ಎಂದ. ಬಿಸಿಲಲ್ಲಿ ಬಂದಿದ್ದ, ಚಹಾ ಕೊಟ್ಟೆ. ತಂಬಿಗೆಯನ್ನು ಕೆಳಗಿಡಲು ಒಪ್ಪದೆ ಹೊರಗೇ ನಿಂತು ಒಂದೇ ಕೈಯಲ್ಲಿ ಕುಡಿದ.

ಸಹಿ ಮಾಡಿ ತೆಗೆದುಕೊಳ್ಳಿ ಎಂದ. ನಾನು ತೆಗೆದುಕೊಳ್ಳಲಿಲ್ಲ. "ಹಮಾರೇ ಮೇ ಜಲಾತೇ ನೈ ಬಾಬಾ" ಎಂದೆ. ನಾವು ಸತ್ತವರನ್ನು ಸುಡುವವರಲ್ಲ, ಕೂಡ್ರಿಸಿ ಮಣ್ಣು ಕೊಡುವವರು, ನಿಮ್ಮ ದೊಡ್ಡ ಸಾಹೇಬರಿಗೆ ಇದು ಗೊತ್ತು, ಹೋಗಿ ಅವರನ್ನೇ ಕೇಳು ಎಂದು ನನಗೆ ಬಂದ ಮಾತಿನಲ್ಲಿ ಹೇಳಿದೆ. ಅವನಿಗೆ ತಿಳಿಯಿತೋ ಇಲ್ಲವೋ, ತಂಬಿಗೆ ಹಿಡಿದುಕೊಂಡು ಬಸ್ ಸ್ಟಾಪಿನ ಕಡೆಗೆ ನಡೆದ.

ನನ್ನ ಒಬ್ಬನೇ ಮಗ ರೇವಣ ಡಿಸೆಂಬರ್ ಲಡಾಯಿಯಲ್ಲಿ ನಿಮ್ಮ ಬ್ರಿಗೇಡಿನಲ್ಲಿ ಸತ್ತ. ಅದಕ್ಕೆ ನಾನು ನಿಮ್ಮನ್ನು ದೂರಿಲ್ಲ. ಗುಂಡು ವೈರಿಯದು. ಬೆಂಕಿ ಯಾರದು? "ಚಿತೆಗೆ ಬೆಂಕಿ ಇಟ್ಟಾಗ ಬ್ರಿಗೇಡಿಯರ್ ಸಾಹೇಬರು ಸ್ವತಃ ಸಲ್ಯೂಟ್ ಮಾಡಿ ನಿಂತಿದ್ದರು" ಎಂದು ಅವನ ಕರ್ನಲ್ಲರು ಬಹಳ ಗೌರವದಿಂದ ಬರೆದಿದ್ದಾರೆ. ಆ ಬ್ರಿಗೇಡಿಯರು ಮಾನ್ವಿಯ ಲಿಂಗಾಯತರ ಮನೆಯವರು, ಸತ್ತ ಹುಡುಗನ ಸೋದರಮಾವ ಎಂಬುದು ಕರ್ನಲ್ಲರಿಗೆ ಗೊತ್ತಿತ್ತೋ ಏನೋ. ನಿಮಗಂತೂ ಗೊತ್ತಿತ್ತು.

ಒಂದೇ ಮಾತು ಕೇಳುತ್ತೇನೆ. ಯಾಕೆ ಸುಟ್ಟಿರಿ?

ರೇವಣನ ತಾಯಿ,
ಶಿವದೇವಿ


ಫೀಲ್ಡ್ ಪೋಸ್ಟ್ ಆಫೀಸು, ಪಶ್ಚಿಮ ಗಡಿ
೨ ಮಾರ್ಚ್ ೧೯೭೨

ಅಕ್ಕಾ,

ನನಗೆ ಸಾಹೇಬ ಎಂದು ಬರೆಯಬೇಡ. ಬಯ್ಯುವುದಿದ್ದರೆ ಕಲ್ಯಾಣ್ಯಾ ಎಂದೇ ಬಯ್ಯಿ.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಆ ದಿನ ಬೆಳಿಗ್ಗೆ ಕಾಲುವೆಯ ಆಚೆಯಿಂದ ನಮ್ಮ ಹುಡುಗರನ್ನು ಹೊತ್ತು ತಂದರು. ರೇವಣನೂ ಅವರಲ್ಲಿದ್ದ. ಮುಖಕ್ಕೆ ಏನೂ ಆಗಿರಲಿಲ್ಲ. ಮುಸಲ್ಮಾನ ಹುಡುಗರಿಗೆ ಒಂದು ಕಡೆ ಗುಣಿ ತೋಡುತ್ತಿದ್ದರು, ಉಳಿದವರಿಗೆ ಚಿತೆ ಒಟ್ಟುತ್ತಿದ್ದರು. ಸೈನ್ಯದಲ್ಲಿ ಹಿಂದೂ ಎಂದರೆ ಚಿತೆ. ಅದನ್ನು ಯಾರೂ ಕೇಳುವುದಿಲ್ಲ, ಅದು ನಡೆದು ಬಂದದ್ದು. ಸುಬೇದಾರ್ ಮೇಜರ್ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರ್, ಲೆಫ್ಟಿನೆಂಟ್ ಸಾಬ್ ನಿಮ್ಮ ಮನೆಯವರು. ಬೇರೆ ಏನಾದರೂ ಹೇಳುವುದಿದೆಯೇ?" ಎಂದು ಕೇಳಿದ.

ಇಲ್ಲ ಎಂದೆ.

ಯಾಕೆ ಗೊತ್ತೇ? ಅಲ್ಲಿ ಸಾಲಾಗಿ ಮಲಗಿದ್ದ ಹುಡುಗರಿಗೆಲ್ಲ ಮಾವಂದಿರು ಬ್ರಿಗೇಡಿಯರ್ ಆಗಿರಲಿಲ್ಲ. ನನ್ನ ಅಕ್ಕನ ಮಗ ಎಂದು ನಾನು ಒಬ್ಬನನ್ನು ಎತ್ತಿ ಪಕ್ಕಕ್ಕೆ ಇಡಿಸಿದ್ದರೆ ಉಳಿದ ಹುಡುಗರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಇದೊಂದನ್ನು ಮಾತ್ರ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದೇನೆ. ನನ್ನವರು ಎಂದು ಯಾರಿಗೂ ಒಂದು ಗುಟುಕು ನೀರು ಹೆಚ್ಚು ಕೊಟ್ಟಿಲ್ಲ. ನಾಳೆ ಅಂಥದೇ ದಿನ ಬಂದರೂ ನಾನು ಇಲ್ಲ ಎಂದೇ ಹೇಳುತ್ತೇನೆ. ನಿನಗೆ ಇದು ಕಲ್ಲಿನಂತೆ ಕೇಳುತ್ತದೆ. ಕೇಳಲಿ.

ಆ ಹವಾಲ್ದಾರನನ್ನು ಇನ್ನೊಮ್ಮೆ ಕಳಿಸುತ್ತಾರೆ. ದಯವಿಟ್ಟು ತೆಗೆದುಕೋ.

ನಿನ್ನ ತಮ್ಮ,
ಕಲ್ಯಾಣಪ್ಪ


ನಾರಾಯಣಗೂಡ
೧೬ ಏಪ್ರಿಲ್ ೧೯೭೨

ಕಲ್ಯಾಣಪ್ಪನಿಗೆ,

ಹವಾಲ್ದಾರ ಮತ್ತೆ ಬಂದಿದ್ದ. ಮತ್ತೆ ಚಹಾ ಕುಡಿದು ಹೋದ. ತಂಬಿಗೆ ನಿಮ್ಮ ಆಫೀಸಿನಲ್ಲೇ ಇದೆ.

ಪಕ್ಕದ ಮನೆಯ ಯಮುನಾಬಾಯಿಗೆ ನನ್ನನ್ನು ನೋಡಿ ಸಂಕಟ. "ಶಿವದೇವಿ, ಹಟ ಬ್ಯಾಡವಾ. ನಾನೂ ಬರ್ತೀನಿ, ಕೃಷ್ಣಾದಾಗ ಬಿಟ್ಟು ಬರೋಣ. ಹುಡುಗಗ ಶಾಂತಿ ಆಗ್ತದ" ಎನ್ನುತ್ತಾರೆ. "ವೈನಿ, ನಿಮ್ಮ ಕೃಷ್ಣಾ ದೊಡ್ಡಾಕಿ, ಖರೆ. ಆದ್ರ ನನ್ನ ಮಗ ನೀರಾಗ ಹೋಗೂದಿಲ್ರಿ. ಅಂವಗ ಈಜಾಕ ಬರ್ತಿದ್ದಿಲ್ಲ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು.

ನಿನ್ನ ಕಾಗದ ಓದಿದೆ. ನೀನು ಎಲ್ಲರಿಗೂ ಸರಿಸಮ ಎನ್ನುವುದನ್ನು ನನಗೆ ಹೇಳಿಕೊಡಬೇಕಾಗಿಲ್ಲ. ನೀನು ಮಿಲಿಟರಿಗೆ ಹೋಗುತ್ತೇನೆ ಎಂದಾಗ ಅಪ್ಪ ಮೂರು ದಿನ ಮಾತು ಬಿಟ್ಟ. "ಹೊಲಾ ಐತಿ, ಮನಿ ಐತಿ, ಬಂದೂಕ ಹಿಡಿಯೂ ದರಿದ್ರ ಏನ್ ಬಂದೈತಿ ಇವಗ?" ಎಂದು ಬಾಗಿಲು ಹಾಕಿಕೊಂಡ. ನಿನಗೆ ರೊಟ್ಟಿ, ಹಿಂಡಿ ಕಟ್ಟಿಕೊಟ್ಟು ರಾಯಚೂರಿನಲ್ಲಿ ಗಾಡಿ ಹತ್ತಿಸಿದವಳು ನಾನು. ಮನೆಗೆ ಬಂದು ಅಪ್ಪನ ಏಟು ತಿಂದವಳೂ ನಾನೇ. ಕ್ಯಾಪ್ಟನ್ ಆದೆ, ಮೇಜರ್ ಆದೆ, ಅರವತ್ತೈದರಲ್ಲಿ ಭುಜಕ್ಕೆ ಗುಂಡು ತಿಂದು ಬದುಕಿ ಬಂದೆ. ಅಷ್ಟೊತ್ತಿಗೆ ಅಪ್ಪ ನಿನ್ನ ಫೋಟೋವನ್ನು ಚಾವಡಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದ. ನಿನ್ನ ಒಂದೊಂದು ಮೆಟ್ಟಿಲಿಗೂ ನಾನು ಇಲ್ಲಿ ಸಕ್ಕರೆ ಹಂಚಿದ್ದೇನೆ. ರೇವಣ ನಿನ್ನನ್ನು ನೋಡಿಯೇ ಹೋದ. ಅವನ ಜವಳ ತೆಗೆಸಿದ್ದು ನಿನ್ನ ತೊಡೆಯ ಮೇಲೆ. ಕತ್ತರಿಗೆ ಹೆದರಿ ನಿನ್ನ ಹೊಸ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ದ. ನೀನು ಒಂದು ಮಾತೂ ಅನ್ನದೆ ಹಾಗೇ ಕೂತಿದ್ದೆ.

ನಾನು ಓದಿದ್ದು ಏಳನೆಯ ಇಯತ್ತೆ. ನನಗೆ ತಿಳಿದಷ್ಟು ಹೇಳುತ್ತೇನೆ. ನನ್ನ ಮಗನಿಗೆ ಬೇರೆ ಮಾಡು ಎಂದು ನಾನು ಹೇಳುವುದಿಲ್ಲ. ಅಲ್ಲಿ ಮಲಗಿದ್ದವರಲ್ಲಿ ಇನ್ನೂ ಯಾರ ಮನೆಯಲ್ಲಿ ಮಣ್ಣು ಕೊಡುವ ಪದ್ಧತಿ ಇತ್ತೋ ನಿನಗೆ ಗೊತ್ತೇ? ಗೊತ್ತಿಲ್ಲ. ಯಾಕೆಂದರೆ ನೀನು ಯಾರನ್ನೂ ಕೇಳಿಲ್ಲ. ಸತ್ತ ಮೇಲೆ ಕೇಳಲು ಆಗುವುದಿಲ್ಲ. ಬದುಕಿದ್ದಾಗ ಕೇಳಬಹುದಿತ್ತು. ಬೂಟಿನ ಅಳತೆ ಕೇಳುತ್ತೀರಿ, ಟೋಪಿಯ ಅಳತೆ ಕೇಳುತ್ತೀರಿ. ಇದನ್ನು ಕೇಳಲು ಏನು ಅಡ್ಡಿ?

ನೀನು ಎಲ್ಲರಿಗೂ ಒಂದೇ ಅನ್ಯಾಯ ಮಾಡಿದೆ. ಅದನ್ನು ನ್ಯಾಯ ಎಂದು ನನಗೆ ಬರೆಯಬೇಡ.

ಶಿವದೇವಿ


ಪಶ್ಚಿಮ ಗಡಿ
೨೧ ಜೂನ್ ೧೯೭೨

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ಬಹಳ ದಿನ ನನಗೆ ಸಿಟ್ಟು ಇಳಿಯಲಿಲ್ಲ. ಆಮೇಲೆ ಕೇಳಿದೆ.

ಒಂದು ಸಂಜೆ ಜವಾನರ ಜೊತೆ ಕೂತಿದ್ದಾಗ, ನಿಮ್ಮ ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತಾರಪ್ಪ ಎಂದು ಸುಮ್ಮನೆ ಮಾತು ತೆಗೆದೆ. ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಜಾಟ್ ಹುಡುಗ, "ಸಾಬ್, ಲಡಾಯಿ ಮುಗಿದಿದೆ ಎಂದು ನೀವೇ ಹೇಳಿದ್ದಿರಿ" ಎಂದ. ನಗು ಎದ್ದಿತು, ಬಾಯಿಗಳು ಬಿಚ್ಚಿದವು. ಒಬ್ಬ ತಮಿಳಿನವ, ನಮ್ಮದು ಹೂಳುವುದೇ ಸಾಬ್ ಎಂದ. ಗುಡ್ಡಗಾಡಿನ ಹುಡುಗನೊಬ್ಬ ತನ್ನ ಊರಿನ ಕ್ರಮ ಹೇಳಿದ. ಒಬ್ಬನಂತೂ ಮದುವೆಯಾಗದೆ ಸತ್ತರೆ ಸುಡಬಾರದು, ಮಣ್ಣಿಗೇ ಇಡಬೇಕು ಎಂದ. ಹಿಂದೂ ಎಂಬ ಒಂದು ಮಾತಿನಲ್ಲಿ ಇವರನ್ನೆಲ್ಲ ಇಷ್ಟು ವರ್ಷ ಕಟ್ಟಿಗೆಯ ಮೇಲೆ ಮಲಗಿಸಿದ್ದೇವೆ.

ಮುಧೋಳದ ಕಡೆಯ ಲ್ಯಾನ್ಸ್ ನಾಯಕ್ ಒಬ್ಬನಿದ್ದಾನೆ, ಸುಬ್ಬರಾಯ ಎಂದು. ಎಲ್ಲರೂ ಎದ್ದ ಮೇಲೆ ನನ್ನ ಹತ್ತಿರ ಬಂದ. "ಸಾಹೇಬ್ರ, ನಿಮ್ಮ ಅಕ್ಕಾರು ತಂಬಿಗಿ ವಾಪಸ್ ಕಳಿಸ್ಯಾರಂತ ಪಲ್ಟನ್ ತುಂಬ ಸುದ್ದಿ ಐತ್ರಿ" ಎಂದ. ಹೌದು ಎಂದೆ. "ಭಾಳ ಸಮಾಧಾನದ ಹೆಣ್ಮಗಳ್ರಿ ಅವರು. ನಮ್ಮವ್ವ ಆಗಿದ್ರ ಅದ ತಂಬಿಗಿ ತಗೊಂಡು ನಿಮ್ಮ ಬೆನ್ನಾಗ ಬಾರಸ್ತಿದ್ಲು" ಎಂದು ಸಲ್ಯೂಟ್ ಹೊಡೆದು ಓಡಿದ.

ಮರುವಾರ ನನ್ನ ಬ್ರಿಗೇಡಿಗೆ ಒಂದು ಆರ್ಡರ್ ಕೊಟ್ಟಿದ್ದೇನೆ. ಪ್ರತಿ ಕಂಪನಿಯಲ್ಲೂ ಪ್ರತಿಯೊಬ್ಬನನ್ನೂ ಕೇಳಬೇಕು. ಅವನು ಹೇಳಿದಂತೆ, ಸಾಧ್ಯವಿದ್ದಷ್ಟು, ನಡೆಯಬೇಕು. ಜಾತಿ ಕೇಳಕೂಡದು. ಸುಡಬೇಕೋ, ಮಣ್ಣು ಕೊಡಬೇಕೋ, ಅಷ್ಟನ್ನೇ ಕೇಳಬೇಕು.

ನಿನಗಾಗಿ ಮಾಡಿದ್ದಲ್ಲ. ಸರಿ ಎನಿಸಿದ್ದಕ್ಕೆ ಮಾಡಿದ್ದು.

ಕಲ್ಯಾಣಪ್ಪ


ನಾರಾಯಣಗೂಡ
೨೮ ಆಗಸ್ಟ್ ೧೯೭೨

ಕಲ್ಯಾಣಪ್ಪ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆ ಸುಬ್ಬರಾಯನಿಗೆ ನಾನು ಕೇಳಿದೆನೆಂದು ಹೇಳು. ಅವನ ತಾಯಿಯ ಜೊತೆ ಕೂತು ಒಂದು ದಿನ ಮಾತಾಡಬೇಕು ಎನಿಸುತ್ತದೆ.

ಮೊನ್ನೆ ಬಂಡೆಪ್ಪನವರು ಬಂದಿದ್ದರು. ಸುಲ್ತಾನ್ ಬಜಾರಿನ ಅವರ ಬಟ್ಟೆ ಅಂಗಡಿಯಲ್ಲಿ ನಮ್ಮ ಮನೆಯವರು ಸಾಯುವವರೆಗೂ ಲೆಕ್ಕ ಬರೆದರಲ್ಲ, ಆ ಋಣಕ್ಕೆ ಹಬ್ಬಕ್ಕೊಮ್ಮೆ ಬಂದು ಹೋಗುತ್ತಾರೆ. ಈ ಸಲ ಕುರ್ಚಿಯ ಮೇಲೆ ಕೂಡುವ ಮೊದಲೇ ಶುರು ಮಾಡಿದರು. "ತಂಗಿ, ಸುದ್ದಿ ಬಂದೈತಿ! ನಮ್ಮ ಕಲ್ಯಾಣಪ್ಪ ಜನರಲ್ ಆಗಾಕತ್ತಾನ. ಹೈದರಾಬಾದಿನಾಗ ನಮ್ಮ ಮಂದಿ ಯಾವಾಗ ಇಂಥಾದ್ದು ನೋಡಿತ್ತು? ಪ್ಯಾಟಿ ತುಂಬ ಮೆರವಣಿಗಿ ಮಾಡೂನು. ನೀ ಮುಂದ ನಿಂತು ಆರತಿ ಮಾಡಬೇಕು."

"ಮಾಡೂದಿಲ್ರಿ ಅಣ್ಣಾರ."

"ಯಾಕವ್ವಾ?"

"ನನ್ನ ಮಗ ಇನ್ನೂ ಆಫೀಸಿನ ಕಪಾಟಿನ ಮ್ಯಾಲೆ ಕುಂತಾನ್ರಿ. ಅಂವ ಇಳಿಯೂ ತನಕ ನಾ ಯಾರಿಗೂ ಆರತಿ ಎತ್ತೂದಿಲ್ಲ."

ಅವರಿಗೆ ಸಿಟ್ಟು ಬಂತು. ಸತ್ತವರ ಸಲುವಾಗಿ ಇದ್ದವರ ಮಾನ ಕಳೆಯಬೇಡ ಎಂದರು. ಹಾಗಾದರೆ ಸತ್ತವನಿಗೆ ಒಂದು ದಾರಿ ಮಾಡಿ ಎಂದೆ. ಮಠದ ಚನ್ನಬಸಯ್ಯನವರ ಹತ್ತಿರ ಕರೆದುಕೊಂಡು ಹೋದರು. ಅಯ್ಯನವರು ಎಲ್ಲ ಕೇಳಿ ತಲೆ ಅಲ್ಲಾಡಿಸಿದರು. "ಸುಟ್ಟದ್ದಕ್ಕ ಸಮಾಧಿ ಇಲ್ಲವ್ವ. ತಲಿ ಇಲ್ಲ, ನನ್ನ ಪಾದ ಎಲ್ಲಿಡ್ಲಿ? ಅಂಗೈ ಇಲ್ಲ, ಲಿಂಗ ಎಲ್ಲಿಡ್ಲಿ? ನಮ್ಮ ರುದ್ರಭೂಮಿಯೊಳಗ ಬೂದಿ ತರಬ್ಯಾಡ."

ಇದು ನೀನು ಕೊಟ್ಟ ಬಹುಮಾನ. ನಿನ್ನವರಿಗೆ ಅವನು ಚಿತೆಗೆ ಸೇರಿದವನು, ನಮ್ಮವರಿಗೆ ಮಣ್ಣಿಗೆ ಸೇರದವನು.

ಮೆರವಣಿಗೆಗೆ ಬಂದರೆ ನನ್ನ ಮನೆಯ ಮುಂದೆ ಬಾಜಾ ನಿಲ್ಲಿಸಬೇಡ.

ಶಿವದೇವಿ


ಪಶ್ಚಿಮ ಗಡಿ
೧೨ ಅಕ್ಟೋಬರ್ ೧೯೭೨

ಅಕ್ಕಾ,

ನಿನ್ನ ಸಲಹೆ ಕೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ಮೇಲಿನ ಸಾಹೇಬರು ಕರೆಸಿದ್ದರು. ನನ್ನನ್ನು ಕ್ಯಾಪ್ಟನ್ ಆಗಿದ್ದಾಗಿನಿಂದ ಬಲ್ಲವರು, ನನ್ನ ಒಳ್ಳೆಯದನ್ನೇ ಬಯಸುವವರು. "ಕಲ್ಯಾಣ್, ಈ ಆರ್ಡರ್ ಹಿಂದಕ್ಕೆ ತೆಗೆದುಕೋ. ಒಂದೇ ತಟ್ಟೆಯಲ್ಲಿ ಉಣ್ಣುವ ಹುಡುಗರಿಗೆ ನೀನು ಬೇರೆ, ಅವನು ಬೇರೆ ಎಂದು ನೆನಪು ಮಾಡಿಕೊಡುತ್ತಿದ್ದೀಯ. ಸೈನ್ಯದಲ್ಲಿ ಇದು ಬೇಡ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆಮೇಲೆ ಬಾಗಿಲ ತನಕ ಬಂದು, ಮುಂದಿನ ತಿಂಗಳು ಮೇಜರ್ ಜನರಲ್‌ಗಳ ಆಯ್ಕೆ ಇದೆ, ನಿನ್ನ ಹೆಸರು ಮೇಲೆಯೇ ಇದೆ ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಿಲ್ಲ. ಅಷ್ಟು ಸಂಭಾವಿತರು.

ಒಂದು ಯೋಚನೆ ಬರುತ್ತದೆ. ಈಗ ಸುಮ್ಮನೆ ಹಿಂದಕ್ಕೆ ತೆಗೆದುಕೊಂಡು, ಜನರಲ್ ಆದ ಮೇಲೆ ಇಡೀ ಡಿವಿಜನ್ನಿಗೆ ಇದನ್ನೇ ಮಾಡಬಹುದು. ಒಂದು ಬ್ರಿಗೇಡಿನ ಬದಲು ಮೂರು ಬ್ರಿಗೇಡಿನ ಹುಡುಗರಿಗೆ ಆಗುತ್ತದೆ. ಇದು ಹೆದರಿದವನ ಮಾತೋ ಲೆಕ್ಕ ಬಲ್ಲವನ ಮಾತೋ ನನಗೇ ತಿಳಿಯುತ್ತಿಲ್ಲ.

ಕಲ್ಯಾಣಪ್ಪ


ನಾರಾಯಣಗೂಡ
೨೪ ಅಕ್ಟೋಬರ್ ೧೯೭೨

ಕಲ್ಯಾಣಪ್ಪ,

ಸಲಹೆ ಕೇಳಿಲ್ಲ ಎಂದಿದ್ದೀ, ಕೊಡುವುದಿಲ್ಲ.

ನೀನು ಜನರಲ್ ಆಗುವುದು ನನಗೆ ಬೇಡ ಎಂದು ತಿಳಿಯಬೇಡ. ನನಗೆ ಬೇಕು. ರಾಯಚೂರು ಸ್ಟೇಷನ್ನಿನಲ್ಲಿ ಗಾಡಿ ಹತ್ತಿಸಿದ ದಿನದಿಂದ ಬೇಕಾಗಿತ್ತು. ಗಂಡ ಸತ್ತಾಗ, ಮಗ ಸತ್ತಾಗ, ನನ್ನದು ಎಂದು ಉಳಿದದ್ದು ನಿನ್ನ ಹೆಸರೊಂದೇ. ಬಂಡೆಪ್ಪನವರ ಮೆರವಣಿಗೆ ಹೊರಟರೆ ನಾನು ಕಿಟಕಿಯ ಸಂದಿಯಿಂದ ನೋಡುತ್ತೇನೆ, ಅದೂ ಖರೆ.

ಅವತ್ತು ಸುಬೇದಾರ ಕೇಳಿದಾಗ ನೀನು ಇಲ್ಲ ಎಂದೆ. ಈಗ ಮೇಲಿನವರು ಕೇಳಿದ್ದಾರೆ. ಇಲ್ಲ ಎನ್ನುವುದು ನಿನಗೆ ಬರುತ್ತದೆ ಎಂದು ನನಗೆ ಗೊತ್ತು. ಯಾರಿಗೆ ಹೇಳಲು ಬರುತ್ತದೆ ಎಂದು ನೋಡಬೇಕು.

ಶಿವದೇವಿ


ಪಶ್ಚಿಮ ಗಡಿ
೧೮ ಡಿಸೆಂಬರ್ ೧೯೭೨

ಅಕ್ಕಾ,

ಆರ್ಡರ್ ಇದೆ. ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನನಗಿಂತ ಎರಡು ವರ್ಷ ಆಮೇಲೆ ಸೇರಿದವನು ಜನರಲ್ ಆದ. ಅವನಿಗೆ ನಾನೇ ಮೊದಲು ಕೈಕುಲುಕಿದೆ. ಇಂಥ ಹೊತ್ತಿನಲ್ಲಿ ರಾಜೀನಾಮೆ ಕೊಡುವುದು ಮರ್ಯಾದೆ ಎಂದು ಕೆಲವರು ಹೇಳಿದರು. ಕೊಡುವುದಿಲ್ಲ. ನಾನು ಹೋದ ಮರುದಿನ ಆ ಆರ್ಡರೂ ಹೋಗುತ್ತದೆ. ನನಗೆ ಉಳಿದಿರುವ ಅಷ್ಟು ದಿನವೂ ಮೇಲಿನವರು ನನ್ನನ್ನು ಇಲ್ಲಿ ನೋಡುತ್ತಿರಲಿ.

ಜನವರಿಯಲ್ಲಿ ರಜೆ ಕೇಳಿದ್ದೇನೆ. ಸಿಕಂದರಾಬಾದಿಗೆ ಹೋಗಿ ತಂಬಿಗೆಯನ್ನು ನಾನೇ ತರುತ್ತೇನೆ. ಆಮೇಲೆ ನೀನು ಹೇಳಿದಂತೆ.

ನಿನ್ನ ತಮ್ಮ,
ಕಲ್ಯಾಣಪ್ಪ


ನಾರಾಯಣಗೂಡ
೧೧ ಫೆಬ್ರುವರಿ ೧೯೭೩

ಚಿರಂಜೀವಿ ಕಲ್ಯಾಣಪ್ಪನಿಗೆ,

ರಜೆ ರದ್ದಾಯಿತೆಂದು ನಿನ್ನ ತಂತಿ ಬಂತು. ಯಾಕೆಂದು ನೀನು ಹೇಳಿಲ್ಲ, ನಾನೂ ಕೇಳುವುದಿಲ್ಲ. ಇನ್ನು ಕಾಯುವುದು ಬೇಡ ಎನಿಸಿತು. ನಿನ್ನ ಪಾಲಿನದನ್ನು ನೀನು ಮಾಡಿದ್ದೀ. ಉಳಿದದ್ದು ನನ್ನದು.

ಊರಲ್ಲಿ ಗಲಾಟೆ, ಇವತ್ತು ಬಂದ್, ನಾಳೆ ಮೆರವಣಿಗೆ. ಬಸ್ಸು ಸಿಕ್ಕ ದಿನ ಯಮುನಾಬಾಯಿಯನ್ನು ಕರೆದುಕೊಂಡು ಸಿಕಂದರಾಬಾದಿಗೆ ಹೋದೆ. ಅದೇ ಹವಾಲ್ದಾರ. ನನ್ನನ್ನು ಕಂಡು ಎದ್ದು ನಿಂತ. ಈ ಸಲ ಅವನೇ ಚಹಾ ತರಿಸಿದ. ಸಹಿ ಮಾಡಿದೆ.

ಅಲ್ಲಿಂದ ನೆಟ್ಟಗೆ ಸುಲ್ತಾನ್ ಬಜಾರಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಬಂಡೆಪ್ಪನವರು ನನ್ನ ಕೈಯಲ್ಲಿದ್ದುದನ್ನು ನೋಡಿ ಗಾದಿಯಿಂದ ಎದ್ದೇಬಿಟ್ಟರು.

"ತಂಗಿ, ಇಲ್ಲಿ ಯಾಕ ತಂದಿ?"

"ಕಲ್ಯಾಣಪ್ಪ ಜನರಲ್ ಆಗಲಿಲ್ರಿ ಅಣ್ಣಾರ."

"ಕೇಳೀನವ್ವ. ನಸೀಬ."

"ನಸೀಬ ಅಲ್ರಿ. ನನ್ನ ಮಗಗ ಆದಂಗ ಇನ್ನೊಬ್ಬರ ಮಗಗ ಆಗಬಾರ್ದಂತ ಹಟಾ ಹಿಡದಾನ, ಅದಕ್ಕ ಆಗಲಿಲ್ಲ. ಆಗಿದ್ರ ಪ್ಯಾಟಿ ತುಂಬ ಹಾರ ಹಾಕ್ತಿದ್ರಿ. ಆಗಲಿಲ್ಲ, ಒಂದು ಗುದ್ದಲಿನಾದ್ರೂ ಕೊಡ್ರಿ. ಅಯ್ಯನೋರು ಬ್ಯಾಡಂದ್ರೂ ನಾ ಇವತ್ತ ಮಣ್ಣು ಕೊಡಾಕಿ. ತಡೀಬೇಕಂದ್ರ ನೀವ ಬಂದು ರುದ್ರಭೂಮಿ ಬಾಗಿಲದಾಗ ನಿಂದರ್ರಿ."

ಗಿರಾಕಿಗಳು ಸೀರೆ ನೋಡುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಬಂಡೆಪ್ಪನವರು, "ಬಾಗಿಲದಾಗ ನಿಂದ್ರೂವಷ್ಟು ದೊಡ್ಡಾಂವ ನಾ ಅಲ್ಲವ್ವ" ಎಂದು ಚಪ್ಪಲಿ ಮೆಟ್ಟಿದರು. ಬಂದರು. ಅಯ್ಯನವರು ಬರಲಿಲ್ಲ. ಬರಲಿಲ್ಲ ಎಂದು ನಾನೂ ನಿಲ್ಲಲಿಲ್ಲ.

ಅಲ್ಲಿ ಗುಣಿ ತೋಡುವವನು ತೆಲುಗಿನವನು. ತಂಬಿಗೆ ನೋಡಿ ಗುದ್ದಲಿಯ ತುದಿಯಿಂದ ಒಂದು ಮೊಳದ ಗುರುತು ಹಾಕಿದ. ನಾನು ಬೇಡ ಎಂದೆ. ಕೂತ ಮನುಷ್ಯನಿಗೆ ಎಷ್ಟು ತೋಡುತ್ತೀಯೋ ಅಷ್ಟೇ ತೋಡು ಎಂದೆ.

"ಇಂತ ಚಿನ್ನ ಚೆಂಬುಕಿ ಅಂತ ಪೆದ್ದ ಗುಂತ ಎಂದುಕಮ್ಮಾ?" ಇಷ್ಟು ಸಣ್ಣ ಚೆಂಬಿಗೆ ಅಷ್ಟು ದೊಡ್ಡ ಗುಣಿ ಯಾಕೆ ಎಂದು ಅವನು ಬಂಡೆಪ್ಪನವರ ಮುಖ ನೋಡಿದ.

"ಚೆಂಬು ಸಣ್ಣದು. ಹುಡುಗ ಆರು ಅಡಿ ಇದ್ದ" ಎಂದೆ.

ಅವನು ತೋಡಿದ. ನಮ್ಮ ಅಪ್ಪನಿಗೆ ತೋಡಿದ್ದರಲ್ಲ, ಅಷ್ಟೇ ಆಳ, ಗೋಡೆಯಲ್ಲಿ ಅಂಥದೇ ಗೂಡು. ಬಂಡೆಪ್ಪನವರು ಆ ವಯಸ್ಸಿನಲ್ಲಿ ಕೆಳಗೆ ಇಳಿದು, ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಗೂಡಿನಲ್ಲಿ ಕೂಡ್ರಿಸಿದರು. ಪತ್ರಿ ಹಾಕಿದೆವು, ವಿಭೂತಿ ಹಾಕಿದೆವು. ಹೇಳಬೇಕಾದ ಮಂತ್ರ ಯಾರಿಗೂ ಪೂರ್ತಿ ಬರಲಿಲ್ಲ. ನನಗೆ ನೆನಪಿದ್ದಷ್ಟು ನಾನು ಹೇಳಿದೆ. ಯಮುನಾಬಾಯಿ ಆಚೆಗೆ ನಿಂತು ತಮ್ಮ ಮಂತ್ರ ಹೇಳಿಕೊಂಡರು. ಯಾರೂ ಬೇಡ ಎನ್ನಲಿಲ್ಲ.

ಮೂರು ಹಿಡಿ ಮಣ್ಣು ನಾನು ಹಾಕಿದೆ. ಬಂಡೆಪ್ಪನವರು ಹಾಕಿದರು. ಸೋದರಮಾವನ ಹೆಸರಿನಲ್ಲಿ ನಾನೇ ಹಾಕಿಬಿಡಲೇ ಎಂದು ಅವರು ಕೇಳಿದಾಗ ಬೇಡ ಎಂದೆ. ಗುಣಿ ಮುಚ್ಚಿಸಿದ್ದೇನೆ, ಮೇಲೆ ಕಲ್ಲು ಕೂಡ್ರಿಸಿಲ್ಲ. ನಿನ್ನ ಮೂರು ಹಿಡಿ ಬಿದ್ದ ಮೇಲೆಯೇ ಕಲ್ಲು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಅದು ನನ್ನ ಕೈಯಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ರಜೆ ಸಿಕ್ಕಾಗ ಬಾ. ಸಾದಾ ಬಟ್ಟೆಯಲ್ಲಿ ಬರಬೇಡ, ಯೂನಿಫಾರ್ಮ್ ಹಾಕಿಕೊಂಡು ಬಾ, ಭುಜದ ಮೇಲೆ ಇರುವ ಬಿಲ್ಲೆಗಳನ್ನೇ ತೊಳೆದು ಹಚ್ಚಿಕೊಂಡು ಬಾ. ಸುಲ್ತಾನ್ ಬಜಾರಿನ ನಡುವೆ ನಡೆದುಕೊಂಡೇ ಹೋಗೋಣ. ಅಯ್ಯನವರ ಮಠದ ಮುಂದೆಯೂ ಹೋಗೋಣ. ನೋಡುವವರು ನೋಡಲಿ. ಅಲ್ಲಿಗೆ ಹೋಗಿ ಮಣ್ಣಿಗೆ ಬಗ್ಗು.

ನೀನು ಬಗ್ಗಬೇಕಾದ ಜಾಗ ಅದೊಂದೇ.

ನಿನ್ನ ಅಕ್ಕ,
ಶಿವದೇವಿ